ವಾಶ್‌ಬೋರ್ಡಿನ ಸದ್ದು, ಎಪ್ಪತ್ತೇಳರ ಕೊರಳು: ವ್ಯಾನ್ ಮಾರಿಸನ್ ಅವರ ಸ್ಕಿಫಲ್ ಆಲ್ಬಂ ಕುರಿತು ಓದುಗರ ಪ್ರಶ್ನೆಗಳು

ಉತ್ತರ ಐರ್ಲೆಂಡಿನ ಹಿರಿಯ ಗಾಯಕ ವ್ಯಾನ್ ಮಾರಿಸನ್ ಅವರು 2023ರ ಮಾರ್ಚ್ 10ರಂದು ‘ಮೂವಿಂಗ್ ಆನ್ ಸ್ಕಿಫಲ್’ ಎಂಬ ಜೋಡಿ ಆಲ್ಬಂ ಹೊರತಂದರು. ಆಗ ಅವರಿಗೆ 77 ವರ್ಷ. ಅದರಲ್ಲಿರುವ 23 ಹಾಡುಗಳೂ ಹಳೆಯವು. ಅಮೆರಿಕದ ಜನಪದ, ಬ್ಲೂಸ್ ಮತ್ತು ಕಂಟ್ರಿ ಹಾಡುಗಳನ್ನು 1950ರ ದಶಕದಲ್ಲಿ ಬ್ರಿಟನ್ನಿನ ಹುಡುಗರು ಸ್ಕಿಫಲ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ಕಾಲವನ್ನು ಅವು ನೆನಪಿಸುತ್ತವೆ. ಈ ಆಲ್ಬಂ ಕೇಳಿ ನೋಡಿ ಎಂದು ಅಂಕಣದಲ್ಲಿ ಸೂಚಿಸಿದ ಮೇಲೆ ಬಂದ ಪತ್ರಗಳಿಂದ ಕೆಲವು ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಸ್ಕಿಫಲ್ ಎಂಬ ಪದವನ್ನೇ ನಾನು ಮೊದಲ ಬಾರಿಗೆ ಕೇಳುತ್ತಿದ್ದೇನೆ. ಇದು ಜಾಸ್ ಮತ್ತು ಬ್ಲೂಸ್‌ನಂತೆ ಬೇರೆಯೇ ಒಂದು ಸಂಗೀತ ಪ್ರಕಾರವೇ, ಅಥವಾ ಜನಪದ ಹಾಡಿಗೇ ಕೊಟ್ಟ ಇನ್ನೊಂದು ಹೆಸರೇ?

ಉತ್ತರ: ಪದ ಹುಟ್ಟಿದ್ದು ಅಮೆರಿಕದಲ್ಲಿ. 1920ರ ದಶಕದಲ್ಲಿ ಅಲ್ಲಿನ ನಗರಗಳ ಕಪ್ಪು ಜನರು ಮನೆ ಬಾಡಿಗೆಗೆ ಹಣ ಹೊಂದಿಸಲು ಮನೆಯಲ್ಲೇ ಸಂಗೀತದ ಕೂಟಗಳನ್ನು ನಡೆಸುತ್ತಿದ್ದರು. ಬಂದವರು ಚೂರುಪಾರು ಹಣ ಕೊಡುತ್ತಿದ್ದರು, ಯಾರಿಗೆ ಏನು ನುಡಿಸಲು ಬರುತ್ತಿತ್ತೋ ಅದನ್ನು ನುಡಿಸುತ್ತಿದ್ದರು. ಅಂಥ ಕೂಟಗಳಿಗೂ ಅಲ್ಲಿನ ಸಂಗೀತಕ್ಕೂ ಸ್ಕಿಫಲ್ ಎಂಬ ಹೆಸರಿತ್ತು. 1929ರಲ್ಲಿ ಪ್ಯಾರಾಮೌಂಟ್ ರೆಕಾರ್ಡ್ ಕಂಪನಿಯು ‘ಹೋಮ್‌ಟೌನ್ ಸ್ಕಿಫಲ್’ ಎಂಬ ಧ್ವನಿಮುದ್ರಿಕೆಯನ್ನೇ ಹೊರತಂದಿತ್ತು. ಅಮೆರಿಕದಲ್ಲಿ ಆ ಪದ ಮುಂದೆ ಬಳಕೆ ತಪ್ಪಿತು. ಅದಕ್ಕೆ ಎರಡನೆಯ ಜನ್ಮ ಸಿಕ್ಕಿದ್ದು ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ.

ಲಂಡನ್ನಿನಲ್ಲಿ ಕೆನ್ ಕಾಲ್ಯರ್ ಮತ್ತು ಕ್ರಿಸ್ ಬಾರ್ಬರ್ ಎಂಬ ಇಬ್ಬರು ವಾದಕರು ನ್ಯೂ ಆರ್ಲಿಯನ್ಸ್ ಶೈಲಿಯ ಜಾಸ್ ತಂಡ ನಡೆಸುತ್ತಿದ್ದರು. ಗಂಟೆಗಟ್ಟಲೆ ಕಹಳೆ ಊದಿದವರ ತುಟಿಗೆ ವಿಶ್ರಾಂತಿ ಬೇಕಲ್ಲವೇ? ಆ ಬಿಡುವಿನಲ್ಲಿ ತಂಡದ ಮೂರು ನಾಲ್ಕು ಮಂದಿ ಗಿಟಾರ್ ಹಿಡಿದು ಅಮೆರಿಕದ ಹಳೆಯ ಹಾಡುಗಳನ್ನು ಹಾಡುತ್ತಿದ್ದರು. ಮುಖ್ಯ ಕಛೇರಿಯ ನಡುವಿನ ಈ ಚಿಕ್ಕ ಭಾಗಕ್ಕೆ ಅವರು ಸ್ಕಿಫಲ್ ಎಂದು ಹೆಸರಿಟ್ಟರು. ಅದನ್ನು ಹಾಡುತ್ತಿದ್ದವರಲ್ಲಿ ಪ್ರಮುಖರು ತಂಡದ ಬ್ಯಾಂಜೋ ವಾದಕ ಲಾನಿ ಡಾನೆಗನ್. 1954ರ ಜುಲೈ 13ರಂದು ಡೆಕ್ಕಾ ಕಂಪನಿಯ ಸ್ಟುಡಿಯೋದಲ್ಲಿ ಬಾರ್ಬರ್ ತಂಡದ ಜಾಸ್ ಆಲ್ಬಂಗೆ ಧ್ವನಿಮುದ್ರಣ ನಡೆಯುತ್ತಿದ್ದಾಗ ಡಾನೆಗನ್ ‘ರಾಕ್ ಐಲೆಂಡ್ ಲೈನ್’ ಎಂಬ ರೈಲಿನ ಹಾಡನ್ನು ಹಾಡಿದರು. ಹಿಂದೆ ಇದ್ದದ್ದು ಬಾರ್ಬರ್ ನುಡಿಸಿದ ಬಾಸ್ ಎಂಬ ಮಂದ್ರದ ತಂತಿವಾದ್ಯ ಮತ್ತು ಬೆರಿಲ್ ಬ್ರೈಡನ್ ಉಜ್ಜಿದ ವಾಶ್‌ಬೋರ್ಡ್, ಅಂದರೆ ಬಟ್ಟೆ ಒಗೆಯುವ ಹಲಗೆ, ಅಷ್ಟೇ. ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ಕಂಪನಿ ಅದನ್ನು ಬಿಡಿ ರೆಕಾರ್ಡ್ ಆಗಿ ಹೊರತಂದಾಗ, 1956ರಲ್ಲಿ, ಅದು ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಹತ್ತು ಜನಪ್ರಿಯ ಹಾಡುಗಳ ಸಾಲಿಗೆ ಏರಿತು.

ಹೀಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಸ್ಕಿಫಲ್‌ಗೆ ತನ್ನದೇ ಆದ ಹಾಡುಗಳು ಬಹಳ ಕಡಿಮೆ, ಅದಕ್ಕೆ ಇರುವುದು ತನ್ನದೇ ಆದ ಹಾಡುವ ರೀತಿ. ಹಾಡು ಸೆರೆಮನೆಯದಾಗಿರಬಹುದು, ಚರ್ಚಿನದಾಗಿರಬಹುದು, ಸ್ಕಾಟ್ಲೆಂಡಿನ ಲಾವಣಿಯಾಗಿರಬಹುದು. ಅದನ್ನು ಚುರುಕು ಲಯಕ್ಕೆ ಏರಿಸಿ, ಮೂರು ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳಲ್ಲಿ) ಮುಗಿಯುವಂತೆ ಸರಳಗೊಳಿಸಿ, ಕೈಗೆ ಸಿಕ್ಕ ವಾದ್ಯಗಳೊಂದಿಗೆ ಎಲ್ಲರೂ ಸೇರಿ ಹಾಡಿದರೆ ಅದು ಸ್ಕಿಫಲ್.

ಪ್ರಶ್ನೆ: ಬಟ್ಟೆ ಒಗೆಯುವ ಹಲಗೆಯನ್ನೂ ಚಹಾದ ಪೆಟ್ಟಿಗೆಯನ್ನೂ ನುಡಿಸುತ್ತಿದ್ದರು ಎಂದು ಬರೆದಿದ್ದೀರಿ. ಅದು ಹೇಗೆ ಸಾಧ್ಯ? ಈ ಆಲ್ಬಂನಲ್ಲೂ ಅವು ಇವೆಯೇ?

ಉತ್ತರ: ವಾಶ್‌ಬೋರ್ಡ್ ಎಂದರೆ ಮರದ ಚೌಕಟ್ಟಿನೊಳಗೆ ಅಲೆಅಲೆಯಾಗಿ ಮಡಿಸಿದ ತಗಡನ್ನು ಕೂರಿಸಿದ ಹಲಗೆ. ಹೊಲಿಗೆಯವರು ಸೂಜಿ ಚುಚ್ಚದಿರಲೆಂದು ಬೆರಳ ತುದಿಗೆ ಹಾಕಿಕೊಳ್ಳುವ ಲೋಹದ ಟೊಪ್ಪಿಗೆಗಳನ್ನು ನುಡಿಸುವವರು ಎಲ್ಲ ಬೆರಳುಗಳಿಗೂ ತೊಟ್ಟು, ಆ ಏರಿಳಿತಗಳ ಮೇಲೆ ಗೀರುತ್ತಾರೆ. ಕೆಳಗೆ ಗೀರಿದಾಗ ಒಂದು ಸದ್ದು, ಮೇಲೆ ಎಳೆದಾಗ ಇನ್ನೊಂದು, ಚೌಕಟ್ಟಿನ ಮರವನ್ನು ತಟ್ಟಿದಾಗ ಮತ್ತೊಂದು. ಡ್ರಮ್ ಸೆಟ್ ಕೊಳ್ಳಲಾಗದವರಿಗೆ ಇದೇ ಡ್ರಮ್. ಸರಕು ರೈಲಿನ ಚಕ್ರಗಳ ಸದ್ದನ್ನು ಇದಕ್ಕಿಂತ ಚೆನ್ನಾಗಿ ಕೇಳಿಸುವ ವಾದ್ಯ ನನಗೆ ಗೊತ್ತಿಲ್ಲ. ಸ್ಕಿಫಲ್‌ನಲ್ಲಿ ರೈಲಿನ ಹಾಡುಗಳು ಅಷ್ಟೊಂದು ಇರುವುದಕ್ಕೆ ಇದೂ ಒಂದು ಕಾರಣವೆಂದೇ ನನ್ನ ನಂಬಿಕೆ.

ಚಹಾ ಪೆಟ್ಟಿಗೆಯ ಕಥೆ ಇನ್ನೂ ಸೊಗಸು. ಭಾರತ ಮತ್ತು ಸಿಲೋನ್‌ನಿಂದ ಬ್ರಿಟನ್ನಿಗೆ ಚಹಾ ಹೋಗುತ್ತಿದ್ದದ್ದು ತೆಳು ಪ್ಲೈವುಡ್ಡಿನ ದೊಡ್ಡ ಪೆಟ್ಟಿಗೆಗಳಲ್ಲಿ. ಖಾಲಿಯಾದ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ನಡುವಿಗೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಸಬರಿಗೆಯ ಕೋಲಿನ ಮೇಲ್ತುದಿಗೆ ಬಿಗಿಯುತ್ತಿದ್ದರು. ಕೋಲಿನ ಬುಡವನ್ನು ಪೆಟ್ಟಿಗೆಯ ಅಂಚಿಗೆ ಆನಿಸಿ ಹಿಂದಕ್ಕೆ ವಾಲಿಸಿದರೆ ದಾರ ಬಿಗಿಯಾಗಿ ಸ್ವರ ಏರುತ್ತದೆ, ಮುಂದಕ್ಕೆ ಬಿಟ್ಟರೆ ಇಳಿಯುತ್ತದೆ. ಖಾಲಿ ಪೆಟ್ಟಿಗೆಯ ಹೊಟ್ಟೆಯೇ ಅನುರಣನದ ಕೋಶ. ಶ್ರುತಿ ಕರಾರುವಾಕ್ಕಾಗಿ ನಿಲ್ಲುತ್ತಿರಲಿಲ್ಲ, ಆದರೆ ಆ ಗುಂಯ್ ಎನ್ನುವ ಆಳದ ಸದ್ದು ಹಾಡಿಗೆ ನೆಲವನ್ನು ಒದಗಿಸುತ್ತಿತ್ತು.

ಈ ಅಗ್ಗದ ವಾದ್ಯಗಳ ಹಿಂದೆ ಒಂದು ಕಾಲವೇ ಇದೆ. ಎರಡನೆಯ ಮಹಾಯುದ್ಧ ಮುಗಿದು ಒಂಬತ್ತು ವರ್ಷಗಳಾದರೂ ಬ್ರಿಟನ್ನಿನಲ್ಲಿ ಆಹಾರದ ಪಡಿತರ ಪೂರ್ತಿ ನಿಂತಿರಲಿಲ್ಲ. ಅದು ಕೊನೆಗೊಂಡದ್ದು 1954ರ ಜುಲೈನಲ್ಲಿ, ಡಾನೆಗನ್ ಆ ಹಾಡನ್ನು ಹಾಡಿದ ತಿಂಗಳಿನಲ್ಲೇ. ಕೈಯಲ್ಲಿ ಕಾಸಿಲ್ಲದ, ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಹದಿಹರೆಯದವರಿಗೆ, ನೀವೂ ಹಾಡಬಹುದು ಎಂದು ಮೊದಲು ಹೇಳಿದ ಸಂಗೀತ ಇದು. ಆಗ ಬ್ರಿಟನ್ನಿನಲ್ಲಿ ಮೂವತ್ತು ಸಾವಿರದಿಂದ ಐವತ್ತು ಸಾವಿರ ಸ್ಕಿಫಲ್ ತಂಡಗಳಿದ್ದವೆಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಮುಂದೆ ಬೀಟಲ್ಸ್ ತಂಡದಿಂದ ಹೆಸರಾದ ಜಾನ್ ಲೆನನ್ ಲಿವರ್‌ಪೂಲ್‌ನಲ್ಲಿ 1956ರಲ್ಲಿ ಕಟ್ಟಿದ ‘ಕ್ವಾರಿಮೆನ್’ ಅಂಥದೇ ಒಂದು ತಂಡ. 1957ರ ಜುಲೈ 6ರಂದು ಚರ್ಚಿನ ಜಾತ್ರೆಯೊಂದರಲ್ಲಿ ಆ ತಂಡ ಹಾಡಿದ ದಿನವೇ ಲೆನನ್‌ಗೆ ಮುಂದೆ ಬೀಟಲ್ಸ್‌ನಲ್ಲಿ ಜೊತೆಯಾದ ಪಾಲ್ ಮೆಕಾರ್ಟ್ನಿಯ ಪರಿಚಯವಾಯಿತು. ಅದೇ ವರ್ಷ ಬೆಲ್‌ಫಾಸ್ಟ್‌ನ ಪೂರ್ವ ಭಾಗದಲ್ಲಿ ಹನ್ನೆರಡರ ಹುಡುಗ ವ್ಯಾನ್ ಮಾರಿಸನ್ ನೆರೆಹೊರೆಯ ಗೆಳೆಯರೊಂದಿಗೆ ಒಂದು ಸ್ಕಿಫಲ್ ತಂಡ ಕಟ್ಟಿದ. ಆಗಷ್ಟೇ ಆಕಾಶಕ್ಕೆ ಏರಿದ್ದ ಉಪಗ್ರಹದ ಹೆಸರನ್ನು ಹಿಡಿದು ಅವರು ತಮ್ಮನ್ನು ‘ಸ್ಪುಟ್ನಿಕ್ಸ್’ ಎಂದು ಕರೆದುಕೊಂಡರು.

ಆಲ್ಬಂನಲ್ಲಿ ವಾಶ್‌ಬೋರ್ಡ್ ಇದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಆ ತಗಡಿನ ಗೀರು ಕೊರಳಿನ ಪಕ್ಕದಲ್ಲೇ ನಡೆಯುತ್ತಿರುವುದು ಸ್ಪಷ್ಟವಾಗಿ ತಿಳಿಯುತ್ತದೆ. ಆದರೆ ಇದು ಹುಡುಗರ ತಂಡದ ಬಡ ಧ್ವನಿಯ ಮರುಸೃಷ್ಟಿಯಲ್ಲ. ನುರಿತ ವಾದಕರ ತುಂಬು ತಂಡ, ಸಾಲನ್ನು ಎತ್ತಿ ಹಿಡಿಯುವ ಹಿಮ್ಮೇಳದ ಗಾಯಕರು, ಮಾರಿಸನ್ ಅವರೇ ಊದುವ ಮೌತ್ ಆರ್ಗನ್, ಎಲ್ಲವೂ ಇವೆ. ಆ ಒರಟುತನವನ್ನೇ ಬಯಸುವವರಿಗೆ ಇದು ಸ್ವಲ್ಪ ನುಣುಪೆನಿಸಬಹುದು, ನನಗೂ ಕೆಲವು ಕಡೆ ಹಾಗೆ ಅನಿಸಿತು.

ಪ್ರಶ್ನೆ: ಸ್ವಂತ ಹಾಡುಗಳಿಂದ ಹೆಸರಾದ ಗಾಯಕರೊಬ್ಬರು ಎಪ್ಪತ್ತೇಳನೆಯ ವಯಸ್ಸಿನಲ್ಲಿ ಬೇರೆಯವರ ಹಾಡುಗಳನ್ನು ಹಾಡುವುದೆಂದರೆ ಸೃಜನಶೀಲತೆಯ ಸೆಲೆ ಬತ್ತಿದೆ ಎಂದಲ್ಲವೇ? ಕವರ್ ಹಾಡುಗಳ ಆಲ್ಬಂ ಎಂದರೆ ನನಗೆ ಯಾವಾಗಲೂ ಒಂದು ಅನುಮಾನ.

ಉತ್ತರ: ನಿಮ್ಮ ಅನುಮಾನ ಎಷ್ಟೋ ಆಲ್ಬಂಗಳ ವಿಷಯದಲ್ಲಿ ನಿಜವೇ. ಒಪ್ಪಂದದ ಪ್ರಕಾರ ಒಂದು ಆಲ್ಬಂ ಕೊಡಬೇಕು, ಹೊಸ ಹಾಡುಗಳಿಲ್ಲ, ಆದ್ದರಿಂದ ಎಲ್ಲರಿಗೂ ಗೊತ್ತಿರುವ ಹತ್ತು ಹಾಡುಗಳನ್ನು ಹಾಡಿಬಿಡೋಣ ಎಂಬ ಲೆಕ್ಕಾಚಾರದಲ್ಲಿ ಬಂದ ಆಲ್ಬಂಗಳನ್ನು ನಾನೂ ಸಾಕಷ್ಟು ಕೇಳಿದ್ದೇನೆ. ಆದರೆ ಸ್ಕಿಫಲ್‌ನ ವಿಷಯದಲ್ಲಿ ಈ ಅಳತೆಗೋಲು ಕೆಲಸಕ್ಕೆ ಬಾರದು. ‘ಸ್ವಂತ ಹಾಡು’ ಮತ್ತು ‘ಬೇರೆಯವರ ಹಾಡು’ ಎಂಬ ಗೆರೆಯೇ ಈ ಸಂಗೀತದಲ್ಲಿ ಇರಲಿಲ್ಲ. ಕೇಳಿದ್ದನ್ನು ತನ್ನದಾಗಿಸಿಕೊಂಡು ಹಾಡುವುದೇ ಇಲ್ಲಿನ ಸೃಷ್ಟಿಕಾರ್ಯವಾಗಿತ್ತು.

ಮಾರಿಸನ್ ಅವರ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕು. ಅವರ ತಂದೆ ಹಾರ್ಲೆಂಡ್ ಅಂಡ್ ವೂಲ್ಫ್ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. 1950ರ ದಶಕದ ಆರಂಭದಲ್ಲಿ ಕೆಲಕಾಲ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕೆಲಸ ಮಾಡಿದ ಅವರ ಬಳಿ ಬ್ಲೂಸ್, ಜಾಸ್, ಕಂಟ್ರಿ, ಗಾಸ್ಪೆಲ್ ರೆಕಾರ್ಡ್‌ಗಳ ದೊಡ್ಡ ಸಂಗ್ರಹವೇ ಇತ್ತು. ಡಾನೆಗನ್ ಹಾಡು ರೇಡಿಯೋದಲ್ಲಿ ಬಂದಾಗ ಬ್ರಿಟನ್ನಿನ ಬಹುಪಾಲು ಹುಡುಗರಿಗೆ ಅದು ಆಕಾಶದಿಂದ ಇಳಿದ ಹಾಗಿತ್ತು. ಆದರೆ ಆ ಹಾಡುಗಳನ್ನು ಡಾನೆಗನ್‌ಗಿಂತ ಮೊದಲೇ ಹಾಡಿದ್ದ ಅಮೆರಿಕದ ಕಪ್ಪು ಗಾಯಕ ಲೆಡ್ ಬೆಲಿಯ ಕೊರಳು ಈ ಹುಡುಗನಿಗೆ ತಂದೆಯ ರೆಕಾರ್ಡ್‌ಗಳ ಮೂಲಕ ಮನೆಯಲ್ಲೇ ಪರಿಚಿತವಾಗಿತ್ತು. ಉಳಿದವರಿಗೆ ಸ್ಕಿಫಲ್ ಒಂದು ಬಾಗಿಲಾದರೆ, ಅವರಿಗೆ ಅದು ಒಳಗೆ ಇದ್ದದ್ದನ್ನು ಹೊರಗೆ ಹಾಡಲು ಸಿಕ್ಕ ಅವಕಾಶ. ಮುಂದೆ 1968ರ ‘ಆಸ್ಟ್ರಲ್ ವೀಕ್ಸ್’, 1970ರ ‘ಮೂನ್‌ಡ್ಯಾನ್ಸ್’ ಆಲ್ಬಂಗಳಿಂದ ಜಗತ್ತೇ ಅವರನ್ನು ಗುರುತಿಸಿದ ಮೇಲೂ ಈ ನಂಟು ಕಡಿದುಹೋಗಲಿಲ್ಲ. 1998ರ ನವೆಂಬರಿನಲ್ಲಿ ಅವರು ಬೆಲ್‌ಫಾಸ್ಟ್‌ನಲ್ಲಿ ಸ್ವತಃ ಲಾನಿ ಡಾನೆಗನ್ ಮತ್ತು ಕ್ರಿಸ್ ಬಾರ್ಬರ್ ಅವರ ಜೊತೆ ವೇದಿಕೆಯ ಮೇಲೆ ಹಾಡಿದರು, ಅದರ ಧ್ವನಿಮುದ್ರಣ ‘ದಿ ಸ್ಕಿಫಲ್ ಸೆಷನ್ಸ್’ ಎಂಬ ಹೆಸರಿನಲ್ಲಿ 2000ದಲ್ಲಿ ಹೊರಬಂತು. ಡಾನೆಗನ್ 2002ರಲ್ಲಿ ತೀರಿಕೊಂಡರು, ಬಾರ್ಬರ್ 2021ರಲ್ಲಿ. ಆ ವೇದಿಕೆಯ ಮೂವರಲ್ಲಿ ಈಗ ಉಳಿದವರು ಒಬ್ಬರೇ ಎಂಬುದನ್ನು ಮನಸ್ಸಿನಲ್ಲಿಟ್ಟು 2023ರ ಆಲ್ಬಂ ಕೇಳಿದರೆ ಅದರ ತೂಕ ಬೇರೆಯೇ ಆಗಿ ಕಾಣುತ್ತದೆ.

ಹಳೆಯ ಹಾಡುಗಳಿಗೆ ಹಿಂದಿರುಗುವುದು ದಣಿವಿನ ಗುರುತಾಗಬೇಕಿಲ್ಲ ಎಂಬುದಕ್ಕೆ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಉದಾಹರಣೆ ಇದೆ. 1992 ಮತ್ತು 1993ರಲ್ಲಿ ಅವರು ಗಿಟಾರ್ ಮತ್ತು ಮೌತ್ ಆರ್ಗನ್ ಹಿಡಿದು ಒಬ್ಬರೇ ಕುಳಿತು ಜನಪದ ಮತ್ತು ಬ್ಲೂಸ್ ಹಾಡುಗಳ ಎರಡು ಆಲ್ಬಂ ಮಾಡಿದರು. ಆಗಲೂ ಜನ ಇದೇ ಪ್ರಶ್ನೆ ಕೇಳಿದ್ದರು. ಸ್ವಂತ ರಚನೆಗಳೊಂದಿಗೆ ಅವರು 1997ರಲ್ಲಿ ಕೊಟ್ಟ ‘ಟೈಮ್ ಔಟ್ ಆಫ್ ಮೈಂಡ್’ ಅವರ ಉತ್ತಮ ಆಲ್ಬಂಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ಆ ಆಲ್ಬಂನ ಭಾಷೆ, ಲಯಗಳಲ್ಲಿ ಹಳೆಯ ಬ್ಲೂಸ್‌ನ ವಾಸನೆ ದಟ್ಟವಾಗಿದೆ.

ಪ್ರಶ್ನೆ: ಆಲ್ಬಂನ ಮೊದಲ ಹಾಡು ‘ಫ್ರೈಟ್ ಟ್ರೇನ್’ ನನಗೆ ತುಂಬ ಹಿಡಿಸಿತು. ಅದು ಯಾರು ಬರೆದದ್ದೆಂದು ಅಷ್ಟು ಸುಲಭವಾಗಿ ತಿಳಿಯದಂಥ ಹಳೆಯ ಜನಪದ ಹಾಡೇ? ಇಂಥ ಹಾಡುಗಳನ್ನು ಯಾರು ಬೇಕಾದರೂ ಧ್ವನಿಮುದ್ರಿಸಬಹುದೇ?

ಉತ್ತರ: ಅಲ್ಲ. ಈ ಹಾಡಿಗೆ ಒಬ್ಬ ತಾಯಿ ಇದ್ದಾಳೆ. ನೀವು ಕೇಳಿದ್ದಕ್ಕೆ ನನಗೆ ನಿಜಕ್ಕೂ ಸಂತೋಷವಾಗಿದೆ, ಏಕೆಂದರೆ ಈ ಇಡೀ ಆಲ್ಬಂನಲ್ಲಿ ಹೇಳಲೇಬೇಕಾದ ಕಥೆ ಇದ್ದರೆ ಅದು ಎಲಿಜಬೆತ್ ಕಾಟನ್ ಅವರದು.

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಚಾಪೆಲ್ ಹಿಲ್ ಬಳಿ, ರೈಲು ಹಳಿಗಳ ಸಮೀಪದ ಮನೆಯಲ್ಲಿ ಹುಟ್ಟಿ ಬೆಳೆದ ಕಪ್ಪು ಹುಡುಗಿ ಅವರು. ಎಡಗೈ ಬಳಕೆ. ಮನೆಯಲ್ಲಿದ್ದದ್ದು ಬಲಗೈಯವರಿಗಾಗಿ ತಂತಿ ಕಟ್ಟಿದ ವಾದ್ಯ. ತಂತಿ ಬದಲಿಸುವ ಗೊಡವೆಗೆ ಹೋಗದೆ ಗಿಟಾರನ್ನೇ ತಲೆಕೆಳಗು ಹಿಡಿದು ಕಲಿತರು. ಎಲ್ಲರೂ ಹೆಬ್ಬೆರಳಿನಿಂದ ಮಂದ್ರದ ತಂತಿಗಳನ್ನು ಮೀಟಿ, ಉಳಿದ ಬೆರಳುಗಳಿಂದ ಮಟ್ಟು ನುಡಿಸಿದರೆ, ಅವರದು ಪೂರ್ತಿ ಅದರ ವಿರುದ್ಧ: ಮಟ್ಟನ್ನು ಹೆಬ್ಬೆರಳು ನುಡಿಸುತ್ತಿತ್ತು, ಮಂದ್ರವನ್ನು ಬೆರಳುಗಳು. ಸರಕು ರೈಲಿನ ಈ ಹಾಡನ್ನು ಕಟ್ಟಿದಾಗ ಅವರಿಗೆ ಹನ್ನೆರಡರ ಆಸುಪಾಸು. ತಾನು ಸತ್ತ ಮೇಲೆ ರೈಲು ಹಾದು ಹೋಗುವ ಸದ್ದು ಕೇಳಿಸುವ ಜಾಗದಲ್ಲಿ ತನ್ನನ್ನು ಹೂಳಿ ಎಂದು ಒಬ್ಬ ಹುಡುಗಿ ಕೇಳಿಕೊಳ್ಳುವ ಹಾಡು ಅದು. ಆಮೇಲೆ ಮದುವೆ, ಮಗಳು, ಮನೆಗೆಲಸ. ಇಂಥ ಹಾಡುಗಳು ಬೇಡವೆಂದು ಚರ್ಚಿನವರ ಒತ್ತಾಯವೂ ಸೇರಿ ಗಿಟಾರ್ ದಶಕಗಳ ಕಾಲ ದೂರವಾಯಿತು.

ಮುಂದಿನದು ಕಟ್ಟುಕಥೆಯಂತಿದ್ದರೂ ನಡೆದದ್ದೇ. ವಾಷಿಂಗ್ಟನ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ಅವರು ಕೆಲಸ ಮಾಡುತ್ತಿದ್ದಾಗ, ದಾರಿ ತಪ್ಪಿ ಅಳುತ್ತಿದ್ದ ಒಬ್ಬಳು ಪುಟ್ಟ ಹುಡುಗಿಯನ್ನು ಅವಳ ತಾಯಿಗೆ ಒಪ್ಪಿಸಿದರು. ಆ ಹುಡುಗಿ ಪೆಗಿ ಸೀಗರ್. ಅವಳ ತಂದೆ ತಾಯಿ ಇಬ್ಬರೂ ಸಂಗೀತ ವಿದ್ವಾಂಸರು. ಆ ಪರಿಚಯದಿಂದ ಕಾಟನ್ ಆ ಮನೆಯ ಕೆಲಸಕ್ಕೆ ಸೇರಿದರು. ಗೋಡೆಗೆ ನೇತುಹಾಕಿದ್ದ ಗಿಟಾರನ್ನು ಒಂದು ದಿನ ಕೆಳಗಿಳಿಸಿ ನುಡಿಸಿದಾಗ, ತಮ್ಮ ಅಡುಗೆಮನೆಯಲ್ಲಿ ಎಂಥ ಕಲಾವಿದೆ ಇದ್ದಾರೆಂದು ಮನೆಯವರಿಗೆ ತಿಳಿಯಿತು. ಪೆಗಿ ದೊಡ್ಡವಳಾಗಿ 1950ರ ದಶಕದಲ್ಲಿ ಇಂಗ್ಲೆಂಡಿಗೆ ಹೋದಾಗ ಈ ಹಾಡೂ ಅವಳ ಜೊತೆ ಹೋಯಿತು. ಅಲ್ಲಿನ ಸ್ಕಿಫಲ್ ಗಾಯಕರು ಅದನ್ನು ಕೇಳಿ ಕಲಿತರು. 1957ರಲ್ಲಿ ಚಾಸ್ ಮೆಕ್‌ಡೆವಿಟ್ ತಂಡದೊಂದಿಗೆ ನ್ಯಾನ್ಸಿ ವಿಸ್ಕಿ ಹಾಡಿದ ‘ಫ್ರೈಟ್ ಟ್ರೇನ್’ ಬ್ರಿಟನ್ನಿನ ಪಟ್ಟಿಯಲ್ಲಿ ಐದನೆಯ ಸ್ಥಾನಕ್ಕೆ ಏರಿತು. ರೆಕಾರ್ಡಿನ ಮೇಲೆ ಹಾಡು ಬರೆದವರೆಂದು ಬೇರೆ ಇಬ್ಬರ ಹೆಸರು ಅಚ್ಚಾಗಿತ್ತು.

ಅನ್ಯಾಯ ನಡೆಯುವುದು ಹೀಗೆ. ಜನಪದ ಹಾಡಿಗೆ ಅಂಕಿತವಿಲ್ಲ. ಅಂಕಿತವಿಲ್ಲದ್ದಕ್ಕೆ ಒಡೆಯರಿಲ್ಲ ಎಂದುಕೊಂಡು ಕೈಗೆ ಸಿಕ್ಕವರು ತಮ್ಮ ಹೆಸರು ಬರೆದುಕೊಳ್ಳುತ್ತಾರೆ. ಅದರ ಮಧ್ಯೆ, ಇನ್ನೂ ಬದುಕಿರುವ, ಮತ್ತೊಬ್ಬರ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುವ ಒಬ್ಬ ಹೆಂಗಸು ಕಟ್ಟಿದ ಹಾಡೂ ‘ಯಾರದೋ ಹಳೆಯ ಹಾಡು’ ಆಗಿಬಿಡುತ್ತದೆ. ಸೀಗರ್ ಕುಟುಂಬ ಬೆಂಬಲಕ್ಕೆ ನಿಂತು ಪ್ರಯತ್ನ ಮಾಡಿದ ಮೇಲೆ ಕಾಟನ್ ಅವರ ಹೆಸರು ಹಾಡಿಗೆ ಸೇರಿತು. ಅವರ ಮೊದಲ ಆಲ್ಬಂ 1958ರಲ್ಲಿ ಬಂತು, ಆಗ ಅವರಿಗೆ ಅರವತ್ತು ದಾಟಿತ್ತು. 1985ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. 1987ರಲ್ಲಿ ತೀರಿಕೊಂಡರು.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಒಮ್ಮೆ ಪ್ರಕಟವಾದ ಹಾಡನ್ನು ನಿಗದಿತ ರಾಯಧನ ಕೊಟ್ಟು ಯಾರು ಬೇಕಾದರೂ ಮತ್ತೆ ಧ್ವನಿಮುದ್ರಿಸಬಹುದು ಎಂಬ ನಿಯಮ ಅಮೆರಿಕದಲ್ಲಿ 1909ರ ಕಾಯಿದೆಯಿಂದಲೂ ಇದೆ. ಹಾಡಿನ ಮೂಲ ಮಟ್ಟು ಮತ್ತು ಸ್ವರೂಪವನ್ನು ಬುಡಮೇಲು ಮಾಡಬಾರದು, ಅಷ್ಟೇ. ನಿಜಕ್ಕೂ ಕರ್ತೃ ಯಾರೆಂದು ಗೊತ್ತಿಲ್ಲದ ಸಾಂಪ್ರದಾಯಿಕ ಹಾಡಿಗೆ ರಾಯಧನವಿಲ್ಲ. ಆದರೆ ಅದನ್ನು ಹೊಸದಾಗಿ ಅಳವಡಿಸಿದವರು ತಮ್ಮ ಅಳವಡಿಕೆಯ ಮೇಲೆ ಹಕ್ಕು ಪಡೆಯಬಹುದು. ಆಲ್ಬಂನ ಹಾಡುಪಟ್ಟಿಯಲ್ಲಿ ‘ಸಾಂಪ್ರದಾಯಿಕ’ ಎಂಬ ಪದದ ಪಕ್ಕದಲ್ಲಿ ಒಬ್ಬರ ಹೆಸರು ಕಂಡರೆ ಅದರ ಅರ್ಥ ಇದೇ. ಆಲ್ಬಂ ಕೊಂಡಾಗ ಆ ಚಿಕ್ಕ ಅಕ್ಷರದ ಸಾಲುಗಳನ್ನು ಓದಿ ಎಂದು ನಾನು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ.

ಮಾರಿಸನ್ ಈ ಹಾಡನ್ನೇ ಆಲ್ಬಂನ ಬಾಗಿಲಲ್ಲಿ ನಿಲ್ಲಿಸಿದ್ದು ನನ್ನ ದೃಷ್ಟಿಯಲ್ಲಿ ಬಹಳ ಸರಿಯಾದ ಆಯ್ಕೆ.

ಪ್ರಶ್ನೆ: ‘ಟೇಕ್ ದಿಸ್ ಹ್ಯಾಮರ್’ ಸೆರೆಯಾಳುಗಳ ಹಾಡು ಎಂದು ತಿಳಿದೆ. ಅಮೆರಿಕದ ಕಪ್ಪು ಕೈದಿಗಳು ಕಲ್ಲು ಒಡೆಯುತ್ತಾ ಹಾಡಿದ್ದನ್ನು, ಆ ಕಷ್ಟ ಕಾಣದ ಬಿಳಿಯ ಗಾಯಕರು ಕುಣಿಯುವ ಲಯದಲ್ಲಿ ಹಾಡುವುದು ಸರಿಯೇ?

ಉತ್ತರ: ಈ ಪ್ರಶ್ನೆ ಸ್ಕಿಫಲ್‌ನ ಬೆನ್ನಿಗೆ ಮೊದಲಿನಿಂದಲೂ ಅಂಟಿಕೊಂಡಿದೆ. ಡಾನೆಗನ್ ಪ್ರಸಿದ್ಧಿಗೆ ತಂದ ‘ರಾಕ್ ಐಲೆಂಡ್ ಲೈನ್’ ಅನ್ನು ಜಾನ್ ಲೋಮ್ಯಾಕ್ಸ್ ಎಂಬ ಸಂಗ್ರಾಹಕರು 1934ರಲ್ಲಿ ಅರ್ಕಾನ್ಸಾ ರಾಜ್ಯದ ಸೆರೆಮನೆಯಲ್ಲಿ ಕೈದಿಗಳ ಬಾಯಿಂದ ಧ್ವನಿಮುದ್ರಿಸಿಕೊಂಡಿದ್ದರು. ಅವರ ಜೊತೆಗಿದ್ದವರು ಹಡೀ ಲೆಡ್‌ಬೆಟರ್, ಅಂದರೆ ಲೆಡ್ ಬೆಲಿ. ಅವರು ಸ್ವತಃ ಟೆಕ್ಸಸ್ ಮತ್ತು ಲೂಸಿಯಾನಾದ ಸೆರೆಮನೆಗಳಲ್ಲಿ ವರ್ಷಗಟ್ಟಲೆ ಕಳೆದವರು. ಲೆಡ್ ಬೆಲಿ 1949ರಲ್ಲಿ ತೀರಿಕೊಂಡರು, ಅವರ ಹಾಡುಗಳು ಬ್ರಿಟನ್ನಿನ ಮನೆಮನೆ ಸೇರುವುದನ್ನು ಕಾಣಲಿಲ್ಲ.

‘ಟೇಕ್ ದಿಸ್ ಹ್ಯಾಮರ್’ ಹಾಡನ್ನು ಲೆಡ್ ಬೆಲಿ ಹಾಡಿರುವ ಧ್ವನಿಮುದ್ರಣ ದಯವಿಟ್ಟು ಕೇಳಿ. ಪ್ರತಿ ಸಾಲಿನ ಕೊನೆಗೆ ಅವರು ‘ಹಾ’ ಎಂದು ಗಟ್ಟಿಯಾಗಿ ಉಸಿರು ಬಿಡುತ್ತಾರೆ. ಆ ಉಸಿರು ಅಲಂಕಾರವಲ್ಲ, ಸುತ್ತಿಗೆ ಕೆಳಗೆ ಬೀಳುವ ಕ್ಷಣ ಅದು. ಸಾಲಾಗಿ ನಿಂತವರ ಸುತ್ತಿಗೆಗಳು ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು, ಇಲ್ಲವಾದರೆ ಪಕ್ಕದವನ ಕೈಕಾಲಿಗೆ ಅಪಾಯ. ಲಯ ಎಂಬುದು ಇಲ್ಲಿ ಜೀವ ಕಾಯುವ ವ್ಯವಸ್ಥೆ. ಅದನ್ನು ಒಮ್ಮೆ ಕೇಳಿದ ಮೇಲೆ ಯಾವ ಸ್ಕಿಫಲ್ ರೂಪವೂ ಸ್ವಲ್ಪ ಹಗುರವಾಗಿಯೇ ಕೇಳಿಸುತ್ತದೆ, ಮಾರಿಸನ್ ಅವರದ್ದೂ ಇದಕ್ಕೆ ಹೊರತಲ್ಲ.

ಹಾಗೆಂದು ಹಾಡಬಾರದಿತ್ತು ಎಂದು ನಾನು ಹೇಳಲಾರೆ. ಹಾಡು ಯಾರ ನಡುವೆ ಹುಟ್ಟಿತೋ ಅವರಿಗೆ ಮಾತ್ರ ಹಾಡುವ ಹಕ್ಕು ಎಂದಾದರೆ ಹಾಡು ಅವರೊಂದಿಗೇ ಮಣ್ಣಾಗುತ್ತದೆ. ಮೂಲ ಯಾವುದೆಂದು ಹಾಡುವವರು ಹೇಳುತ್ತಾರೆಯೇ, ಅದಕ್ಕೆ ಸಲ್ಲಬೇಕಾದ ಹಣ ಮತ್ತು ಗೌರವ ಸಲ್ಲುತ್ತವೆಯೇ, ಕೇಳಿದವರಿಗೆ ಮೂಲವನ್ನು ಹುಡುಕುವ ಆಸೆ ಹುಟ್ಟುತ್ತದೆಯೇ ಎಂಬುದರ ಮೇಲೆ ನಾನು ತೀರ್ಮಾನ ಮಾಡುತ್ತೇನೆ. ನೀವು ಈ ಆಲ್ಬಂ ಕೇಳಿ ಲೆಡ್ ಬೆಲಿಯವರೆಗೆ ಹೋಗಿದ್ದೀರಿ. ಏಳು ದಶಕಗಳ ಹಿಂದೆ ಬ್ರಿಟನ್ನಿನ ಹುಡುಗರಿಗೆ ಆದದ್ದೂ ಇದೇ.

ಪ್ರಶ್ನೆ: ಹ್ಯಾಂಕ್ ವಿಲಿಯಮ್ಸ್ ಅವರ ಕಂಟ್ರಿ ಹಾಡುಗಳು ಸ್ಕಿಫಲ್ ಆಲ್ಬಂನಲ್ಲಿ ಏಕೆ ಬಂದವು? ಸ್ಕಾಟ್ಲೆಂಡಿನ ಲಾವಣಿಯೂ ಇದೆಯಲ್ಲ?

ಉತ್ತರ: ‘ಐ ಆಮ್ ಸೋ ಲೋನ್‌ಸಮ್ ಐ ಕುಡ್ ಕ್ರೈ’ 1949ರದು, ‘ಕೋಲ್ಡ್ ಕೋಲ್ಡ್ ಹಾರ್ಟ್’ 1951ರದು. ಕಟ್ಟುನಿಟ್ಟಾಗಿ ನೋಡಿದರೆ ಅವು ಸ್ಕಿಫಲ್ ಅಲ್ಲ, ಆದರೆ ಮಾರಿಸನ್ ಬಾಲ್ಯದಲ್ಲಿ ಲೆಡ್ ಬೆಲಿಯ ಜೊತೆಜೊತೆಗೇ ಕೇಳಿದ ಬಗೆಯವು. ಅವರಿಗೆ ಅವೆಲ್ಲವೂ ಒಂದೇ ಕಪಾಟಿನ ರೆಕಾರ್ಡ್‌ಗಳು. ‘ಜಿಪ್ಸಿ ಡೇವಿ’ ವಿಷಯ ಇನ್ನೂ ಸ್ವಾರಸ್ಯಕರ. ಸಿರಿವಂತ ಮನೆಯ ಹೆಂಗಸು ಅಲೆಮಾರಿಯ ಹಿಂದೆ ಹೊರಟುಹೋಗುವ ಈ ಕಥೆ ಸ್ಕಾಟ್ಲೆಂಡಿನ ಲಾವಣಿ. ವಿದ್ವಾಂಸ ಫ್ರಾನ್ಸಿಸ್ ಚೈಲ್ಡ್ ಸಂಗ್ರಹಿಸಿದ 305 ಲಾವಣಿಗಳಲ್ಲಿ ಇದು 200ನೆಯದು. ವಲಸೆ ಹೋದವರ ಜೊತೆ ಸಾಗರ ದಾಟಿ, ಅಮೆರಿಕದ ಬೆಟ್ಟಗಳಲ್ಲಿ ವೇಷ ಬದಲಿಸಿ, ಮತ್ತೆ ರೆಕಾರ್ಡಿನ ಮೂಲಕ ಈಚೆ ದಡಕ್ಕೆ ಬಂತು. ‘ಸೇಲ್ ಅವೇ ಲೇಡೀಸ್’ ಕೂಡ ಅಮೆರಿಕದ ಹಳೆಯ ಪಿಟೀಲು ಮಟ್ಟು. ಅದರಿಂದಲೇ ಹುಟ್ಟಿದ ಇನ್ನೊಂದು ರೂಪವನ್ನು ಡಾನೆಗನ್ 1957ರಲ್ಲಿ ಹಾಡಿ ಗೆದ್ದಿದ್ದರು. ಮಾರಿಸನ್ ಆ ಗೆದ್ದ ರೂಪವನ್ನು ಬಿಟ್ಟು ಹಳೆಯ ಹೆಸರಿಗೇ ಹಿಂದಿರುಗಿದ್ದಾರೆ. ಈ ಆಯ್ಕೆಯಲ್ಲಿ ಅವರ ಮನಸ್ಸು ಕಾಣುತ್ತದೆ.

ಪ್ರಶ್ನೆ: ‘ಗವ್ ಡೋಂಟ್ ಅಲೌ’ ಎಂಬ ಹಾಡಿನಲ್ಲಿ ಅವರು ಮೂಲದ ಮಾತುಗಳನ್ನೇ ಬದಲಿಸಿದ್ದಾರೆ. ಜನಪದ ಹಾಡಿನ ಮಾತು ಬದಲಿಸುವುದು ತಪ್ಪಲ್ಲವೇ?

ಉತ್ತರ: ಬದಲಿಸುವುದು ತಪ್ಪಲ್ಲ. ಬದಲಾಗದೆ ಯಾವ ಜನಪದ ಹಾಡೂ ನಮ್ಮವರೆಗೆ ಬಂದಿಲ್ಲ. ಮೂಲದಲ್ಲಿ, ಮನೆಯಲ್ಲಿ ವಾದ್ಯ ನುಡಿಸಬೇಡಿ ಎಂದು ಅಮ್ಮ ಬೈಯುತ್ತಾಳೆ. ಮಕ್ಕಳು ಅದಕ್ಕೆ ಸೊಪ್ಪು ಹಾಕದೆ ಒಂದೊಂದೇ ವಾದ್ಯವನ್ನು ಎತ್ತಿಕೊಳ್ಳುತ್ತಾರೆ. ಮಾರಿಸನ್ ಅಮ್ಮನ ಜಾಗದಲ್ಲಿ ಸರ್ಕಾರವನ್ನು ಕೂರಿಸಿದ್ದಾರೆ. ಕೋವಿಡ್ ಕಾಲದ ಲಾಕ್‌ಡೌನ್ ವಿರುದ್ಧ ಅವರು 2020ರಿಂದ ಹಾಡುಗಳನ್ನು ಬರೆದು ಬಹಳ ಟೀಕೆಗೆ ಗುರಿಯಾಗಿದ್ದರು. ಆ ಸಿಟ್ಟಿನ ಕೊನೆಯ ಬಿಸಿ ಇಲ್ಲಿದೆ. ನನಗೆ ಈ ಬದಲಾವಣೆ ರುಚಿಸಲಿಲ್ಲ. ಅವರ ಅಭಿಪ್ರಾಯ ಏನೆಂಬುದು ಇಲ್ಲಿ ಮುಖ್ಯವಲ್ಲ. ಅಮ್ಮನಿದ್ದಾಗ ಹಾಡಿನಲ್ಲಿ ಬೈಗುಳವೂ ಪ್ರೀತಿಯೂ ಒಟ್ಟಿಗೆ ಇದ್ದವು, ಸರ್ಕಾರ ಬಂದು ಕೂತಾಗ ಪ್ರೀತಿ ಎದ್ದು ಹೋಯಿತು.

ಪ್ರಶ್ನೆ: ಇಪ್ಪತ್ಮೂರು ಹಾಡುಗಳನ್ನು ಒಟ್ಟಿಗೆ ಕೇಳಲು ನನಗೆ ತಾಳ್ಮೆಯಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಒಟ್ಟಿಗೆ ಕೇಳಬೇಡಿ. ಒಂದೂವರೆ ಗಂಟೆಯ ಆಸುಪಾಸಿನ ಆಲ್ಬಂ ಇದು. ಲಯಗಳು ಒಂದನ್ನೊಂದು ಹೋಲುವುದರಿಂದ ನಡುವೆ ಕಿವಿ ದಣಿಯುತ್ತದೆ. ನಾಲ್ಕೈದು ಹಾಡು ಕಡಿಮೆಯಿದ್ದರೆ ಆಲ್ಬಂ ಇನ್ನೂ ಬಿಗಿಯಾಗಿರುತ್ತಿತ್ತು ಎಂದೇ ನನ್ನ ಅಭಿಪ್ರಾಯ. ಮೊದಲು ‘ಫ್ರೈಟ್ ಟ್ರೇನ್’ ಕೇಳಿ, ಬೆನ್ನಿಗೇ ಎಲಿಜಬೆತ್ ಕಾಟನ್ ಹಾಡಿದ್ದನ್ನು ಕೇಳಿ. ಆಮೇಲೆ ‘ವರೀಡ್ ಮ್ಯಾನ್ ಬ್ಲೂಸ್’ ಕೇಳಿ, ಅದರ ಜೊತೆಗೆ ಅಮೆರಿಕದ ಕಂಟ್ರಿ ಗಾಯಕರಾದ ಕಾರ್ಟರ್ ಕುಟುಂಬದವರು 1930ರಲ್ಲಿ ಹಾಡಿದ್ದನ್ನು ಕೇಳಿ. ಹೀಗೆ ಜೋಡಿ ಜೋಡಿಯಾಗಿ ಕೇಳಿದರೆ ದಿನಕ್ಕೆ ಎರಡು ಹಾಡು ಸಾಕು.

ಕೊನೆಯ ಹಾಡು ‘ಗ್ರೀನ್ ರಾಕಿ ರೋಡ್’ ಅನ್ನು ಮಾತ್ರ ಬೇರೆ ಯಾವ ಕೆಲಸವೂ ಇಲ್ಲದ ರಾತ್ರಿಗೆ ಉಳಿಸಿಕೊಳ್ಳಿ. ಮಕ್ಕಳ ಆಟದ ಹಾಡಿನಿಂದ ಹುಟ್ಟಿ, 1960ರ ದಶಕದ ನ್ಯೂಯಾರ್ಕಿನ ಜನಪದ ಗಾಯಕರ ಬಾಯಲ್ಲಿ ಬೆಳೆದ ಹಾಡು ಅದು. ಮಾರಿಸನ್ ಅದನ್ನು ಒಂಬತ್ತು ನಿಮಿಷದ ಆಸುಪಾಸಿಗೆ ಹಿಗ್ಗಿಸಿದ್ದಾರೆ. ಅವಸರವಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾ, ಪ್ರತಿ ಬಾರಿ ಬೇರೆ ಕಡೆ ಒತ್ತು ಕೊಡುತ್ತಾ, ಮಾತು ಅರ್ಥ ಕಳಚಿ ಬರಿಯ ನಾದವಾಗುವವರೆಗೆ ಅದನ್ನು ಬಿಡುವುದಿಲ್ಲ. ‘ಆಸ್ಟ್ರಲ್ ವೀಕ್ಸ್’ ಕಾಲದಿಂದ ಅವರನ್ನು ಕೇಳುತ್ತಾ ಬಂದವರಿಗೆ ಆ ಅಭ್ಯಾಸ ಚೆನ್ನಾಗಿ ಪರಿಚಿತ. ಇಪ್ಪತ್ತೆರಡು ಹಾಡುಗಳಲ್ಲಿ ಬೇರೆಯವರ ದಾರಿಯಲ್ಲಿ ನಡೆದವರು, ಇಲ್ಲಿ ಮೆಲ್ಲನೆ ತಮ್ಮ ದಾರಿಗೆ ಹೊರಳುವುದು ಐದನೆಯ ನಿಮಿಷದ ಹೊತ್ತಿಗೆ ನಿಮಗೇ ತಿಳಿಯುತ್ತದೆ.